ಖಂಡೇ ಪೂಜೆಯ ನಂತರ ಬಾರದ ಮೇಲ್‌ಗಳು

2024ರಲ್ಲಿ ನಾನು ಕಲಘಟಗಿಯಲ್ಲಿದ್ದೆ. ಒಂದು ಧರ್ಮಾರ್ಥ ಆರೋಗ್ಯ ಸಂಸ್ಥೆಯ ಕಂಪ್ಯೂಟರ್ ವಿಭಾಗದ ಮುಖ್ಯಸ್ಥೆ ಎಂಬುದು ನನ್ನ ಹುದ್ದೆ. ವಿಭಾಗ ಎಂದರೆ ನಾನೊಬ್ಬಳೇ. ಹಾಗಾಗಿ ಮುಖ್ಯಸ್ಥೆಯಾಗಲು ಯಾರ ಅಡ್ಡಿಯೂ ಇರಲಿಲ್ಲ. ಕಲಘಟಗಿ, ಕುಂದಗೋಳ, ನವಲಗುಂದ ತಾಲ್ಲೂಕುಗಳ ಹಳ್ಳಿಗಳಲ್ಲಿ ಸಂಸ್ಥೆಯ ಸಣ್ಣ ಸಣ್ಣ ಹೆರಿಗೆ ಕೇಂದ್ರಗಳಿದ್ದವು. ಪ್ರತಿ ಕೇಂದ್ರಕ್ಕೆ ಒಂದು ಕಂಪ್ಯೂಟರ್, ಅದನ್ನು ನೋಡಿಕೊಳ್ಳುವವಳು ಅಲ್ಲಿನ ನರ್ಸೇ. ಪ್ರಿಂಟರ್ ಹಾಳೆ ಕಚ್ಚಿಕೊಂಡರೂ, ಇಂಟರ್‌ನೆಟ್ ಕೈಕೊಟ್ಟರೂ, ಒಮ್ಮೆ ಕೀಬೋರ್ಡಿನೊಳಗೆ ಇರುವೆಗಳು ಸಂಸಾರ ಹೂಡಿದಾಗಲೂ ಫೋನ್ ಬರುತ್ತಿದ್ದುದು ನನಗೆ. ಎಲ್ಲರೂ ನನ್ನನ್ನು ‘ಬಾಯಾರ’ ಎಂದು ಗೌರವದಿಂದ ಕರೆಯುತ್ತಿದ್ದರು, ನಾನು ಎಲ್ಲರನ್ನೂ ಮನಸಾರೆ ಬೈಯುತ್ತಿದ್ದೆ. ಬೈಸಿಕೊಂಡವರು ಮುಂದಿನ ವಾರ ಹೊಲದ ಹಸಿ ಕಡಲೆ ತಂದುಕೊಡುತ್ತಿದ್ದರು.

ಈ ಕೇಂದ್ರಗಳಲ್ಲಿ ಹುಟ್ಟಿದ ಪ್ರತಿ ಮಗುವಿನ ಹಿಮ್ಮಡಿಯಿಂದ ಮೂರನೆಯ ದಿನ ಕೆಲವು ಹನಿ ರಕ್ತ ತೆಗೆದು, ಫಿಲ್ಟರ್ ಕಾಗದದ ಮೇಲೆ ಒಣಗಿಸಿ, ಹುಬ್ಬಳ್ಳಿಯಲ್ಲಿದ್ದ ಸಂಸ್ಥೆಯದೇ ಲ್ಯಾಬಿಗೆ ಕಳಿಸುತ್ತಿದ್ದರು. ಅಲ್ಲಿ ಮುಖ್ಯವಾಗಿ ನೋಡುತ್ತಿದ್ದುದು ಟಿಎಸ್‌ಎಚ್ ಎಂಬ ಹಾರ್ಮೋನಿನ ಪ್ರಮಾಣ. ಕತ್ತಿನಲ್ಲಿರುವ ಥೈರಾಯ್ಡ್ ಗ್ರಂಥಿ ಹುಟ್ಟಿನಿಂದಲೇ ಕೆಲಸ ಮಾಡದ ಮಕ್ಕಳಲ್ಲಿ ಇದು ವಿಪರೀತ ಏರಿರುತ್ತದೆ. ಅಂಥ ಮಗುವಿಗೆ ದಿನಕ್ಕೊಂದು ಸಣ್ಣ ಗುಳಿಗೆ ಕೊಡುತ್ತ ಬಂದರೆ ಸಾಕು, ಎಲ್ಲ ಮಕ್ಕಳಂತೆ ಬೆಳೆಯುತ್ತದೆ. ಆದರೆ ಗುಳಿಗೆ ಮೊದಲ ಎರಡು ವಾರದೊಳಗೆ ಶುರುವಾಗಬೇಕು. ತಡವಾದಷ್ಟೂ ಮಿದುಳಿನ ಬೆಳವಣಿಗೆಗೆ ಪೆಟ್ಟು, ಕಳೆದದ್ದು ಪೂರ್ತಿ ಮರಳುವ ಭರವಸೆಯಿಲ್ಲ. ಹುಟ್ಟಿದಾಗ ಮಗುವನ್ನು ನೋಡಿದರೆ ಏನೂ ಗೊತ್ತಾಗುವುದಿಲ್ಲ ಎಂಬುದೇ ಇದರ ಕಷ್ಟ.

ಮೊದಲೆಲ್ಲ ಫಲಿತಾಂಶವನ್ನು ಫೋನಿನಲ್ಲಿ ಹೇಳುತ್ತಿದ್ದರು. ಇನ್ನೂ ಹೆಸರಿಡದ ಮಕ್ಕಳು, ತಾಯಿಯ ಹೆಸರೇ ಗುರುತು. ಮಂಜುಳಾ ಅವರ ಮಗು ಎಂದರೆ ಒಂದೇ ವಾರದಲ್ಲಿ ಮೂವರು ಮಂಜುಳಾಗಳು ಹೆತ್ತಿರುತ್ತಿದ್ದರು. ಒಮ್ಮೆ ಯಾರದೋ ಬದಲಿಗೆ ಯಾರದೋ ಮಗುವನ್ನು ಹುಬ್ಬಳ್ಳಿಗೆ ಕರೆತಂದು ದೊಡ್ಡ ರಾದ್ಧಾಂತವಾಯಿತು. ಆಮೇಲೆ ಲ್ಯಾಬಿನ ಮುಖ್ಯಸ್ಥ ಡಾಕ್ಟರ್ ಹಿರೇಮಠರು ಎರಡು ನಿಯಮ ಮಾಡಿದರು. ಫಲಿತಾಂಶ ಇನ್ನು ಮೇಲೆ ಇಮೇಲ್‌ನಲ್ಲಿ ಮಾತ್ರ. ಮತ್ತು ವರದಿಯ ಮೇಲನ್ನು ಯಾರೂ, ಯಾವ ಕಾರಣಕ್ಕೂ ಡಿಲೀಟ್ ಮಾಡಕೂಡದು. ಎರಡೂ ಒಳ್ಳೆಯ ನಿಯಮಗಳೇ, ಇವತ್ತಿಗೂ ನಾನು ಅವನ್ನು ತಪ್ಪೆನ್ನಲಾರೆ.

ಆ ವರ್ಷ ದೀಪಾವಳಿ ಹತ್ತಿರ ಬಂದಾಗ ತಿರ್ಲಾಪುರ ಕೇಂದ್ರದ ನರ್ಸ್ ಶಾಂತಾ ಬೆಳಿಗ್ಗೆ ಫೋನ್ ಮಾಡಿದಳು.

“ಬಾಯಾರ, ಲ್ಯಾಬಿನವ್ರು ದಸರಾ ಸೂಟಿ ಮುಗಿಸಿ ಇನ್ನೂ ಬಂದಿಲ್ಲೇನ್ರಿ? ನವಮಿ ಆದಮ್ಯಾಲೆ ಒಂದೂ ರಿಪೋರ್ಟ್ ಬಂದಿಲ್ರಿ.”

“ಲ್ಯಾಬ್ ದಿನಾ ನಡದೈತಿ. ಜಂಕ್‌ನ್ಯಾಗ ನೋಡೀಯೇನವಾ?”

“ಅಲ್ಲಿ ಯಾಕ ನೋಡೂದ್ರಿ?”

ಓದುಗರಿಗೆ ಇಲ್ಲಿ ಒಂದು ಮಾತು ಹೇಳಬೇಕು. ಮೇಲ್ ಸೇವೆ ಕೊಡುವ ದೊಡ್ಡ ಕಂಪನಿಗಳ ಬಾಗಿಲಲ್ಲಿ ಒಂದು ಫಿಲ್ಟರ್ ಕೂತಿರುತ್ತದೆ. ಬಂದ ಮೇಲ್ ನಂಬಬಹುದಾದದ್ದು ಎನ್ನಿಸಿದರೆ ಇನ್‌ಬಾಕ್ಸಿಗೆ ಬಿಡುತ್ತದೆ, ಲಾಟರಿ ಗೆದ್ದಿರಿ ಎನ್ನುವಂಥ ಕಸ ಎನ್ನಿಸಿದರೆ ಜಂಕ್ ಫೋಲ್ಡರಿಗೆ ತಳ್ಳುತ್ತದೆ. ಜಂಕಿಗೆ ಬಿದ್ದ ಮೇಲ್ ಬಂದ ಸುದ್ದಿ ಪಡೆಯುವವರಿಗೆ ತಿಳಿಯುವುದಿಲ್ಲ. ವಿಳಾಸ ತಪ್ಪಿದ ಮೇಲ್ ಆದರೆ ವಾಪಸಾದರೂ ಬರುತ್ತದೆ, ಇದು ವಾಪಸೂ ಬರುವುದಿಲ್ಲ. ಕಳಿಸಿದವನು ಮುಟ್ಟಿತು ಎಂದುಕೊಳ್ಳುತ್ತಾನೆ, ಪಡೆಯಬೇಕಾದವನು ಕಳಿಸಲಿಲ್ಲ ಎಂದುಕೊಳ್ಳುತ್ತಾನೆ.

ಶಾಂತಾಳ ಕಂಪ್ಯೂಟರನ್ನು ನನ್ನ ಕುರ್ಚಿಯಿಂದಲೇ ತೆರೆದು ನೋಡಿದೆ. ನವಮಿಯ ನಂತರದ ವರದಿಗಳೆಲ್ಲ ಜಂಕಿನಲ್ಲಿ ಬಿದ್ದಿದ್ದವು. ಅವುಗಳ ಕೆಳಗೆ ಇನ್ನೇನಿದೆ ಎಂದು ನೋಡುವ ತಾಳ್ಮೆ ನನಗಿರಲಿಲ್ಲ. ಆ ವರ್ಷವೇ ದೊಡ್ಡ ಮೇಲ್ ಕಂಪನಿಗಳು ನಿಯಮ ಬಿಗಿ ಮಾಡಿದ್ದವು. ಕಳಿಸುವವರ ಡೊಮೇನಿಗೆ, ಅಂದರೆ ಮೇಲ್ ವಿಳಾಸದ ಕೊನೆಯಲ್ಲಿರುವ ಸಂಸ್ಥೆಯ ಹೆಸರಿಗೆ, ಮೂರು ದಾಖಲೆ ಇರಬೇಕು: ನಮ್ಮ ಹೆಸರಿನಲ್ಲಿ ಯಾವ ಸರ್ವರ್ ಮೇಲ್ ಕಳಿಸಬಹುದು ಎಂದು ಹೇಳುವ ಎಸ್‌ಪಿಎಫ್, ಮೇಲ್ ದಾರಿಯಲ್ಲಿ ತಿದ್ದುಪಡಿಯಾಗಿಲ್ಲ ಎನ್ನುವುದಕ್ಕೆ ಮುದ್ರೆ ಒತ್ತುವ ಡಿಕೆಐಎಂ, ಇವೆರಡೂ ತಾಳೆಯಾಗದಿದ್ದರೆ ಏನು ಮಾಡಬೇಕೆಂದು ತಿಳಿಸುವ ಡಿಮಾರ್ಕ್. ಇವುಗಳಲ್ಲಿ ಒಂದು ಕೆಟ್ಟಿರಬೇಕು ಎಂದು, ಮೇಲ್ ಬಂದ ದಾರಿಯ ವಿವರವಿರುವ ಹೆಡರ್ ಬಿಚ್ಚಿ ಓದಿದೆ. ಮೂರೂ ಪಾಸ್ ಆಗಿದ್ದವು. ನನಗೆ ಸಿಟ್ಟು ಬಂತು. ಕೆಟ್ಟ ಯಂತ್ರವನ್ನು ರಿಪೇರಿ ಮಾಡಬಹುದು, ಎಲ್ಲ ಸರಿಯಾಗಿದ್ದೂ ಕೆಲಸ ಮಾಡದಿದ್ದರೆ ಏನು ಮಾಡುವುದು?

ಇನ್ನೂ ಎರಡು ಕೇಂದ್ರಗಳಿಗೆ ಫೋನ್ ಮಾಡಿದೆ. ಅಲ್ಲೂ ಅದೇ ಕಥೆ. ಡಾಕ್ಟರ್ ಹಿರೇಮಠರಿಗೆ ಕರೆ ಮಾಡಿ, ದಸರೆಯಿಂದ ಈಚೆಗೆ ಯಾವ ಮಗುವಿನ ಟಿಎಸ್‌ಎಚ್ ಆದರೂ ಹೆಚ್ಚು ಬಂದಿದೆಯೇ ಎಂದು ಕೇಳಿದೆ.

“ಒಂದ ಐತ್ರಿ. ದುಮ್ಮವಾಡದ್ದು, ಹೆಣ್ಣು ಕೂಸು. ಭಾಳ ಹೆಚ್ಚೈತಿ. ಎರಡು ಸಲ ಮೇಲ್ ಕಳಿಸೇವಿ, ತುರ್ತು ಅಂತ.”

“ಉತ್ತರ ಬಂತೇನ್ರಿ?”

“ಇಲ್ಲ. ಹಬ್ಬದ ಗದ್ದಲದಾಗ ಉತ್ತರ ಬರೀಲಿಕ್ಕೆ ಆಗಿಲ್ಲೇನೋ ಅಂದ್ಕೊಂಡ್ವಿ. ಕೂಸಿಗೆ ಅಲ್ಲೇ ಕಲಘಟಗಿಯೊಳಗ ಗುಳಿಗಿ ಶುರು ಮಾಡಿರಬೇಕು. ಮೇಲ್ ಅಂತೂ ವಾಪಸ್ ಬಂದಿಲ್ಲಲ್ರಿ.”

ಮಗು ಹುಟ್ಟಿ ಎಷ್ಟು ದಿನವಾಯಿತು ಎಂದೆ. ಅವರು ಲೆಕ್ಕ ಹಾಕಿದರು. ಮೂರು ವಾರ ದಾಟಿತ್ತು. ಆಮೇಲೆ ಅವರು, “ಮಕ್ಕಳ ಡಾಕ್ಟರಿಗೆ ಹೇಳಿ ಇಡತೇನಿ. ಕರ್ಕೊಂಡು ಬರ್ರಿ” ಎಂದರು. ದುಮ್ಮವಾಡದ ನರ್ಸ್ ರೇಣುಕಾಳಿಗೆ ಫೋನ್ ಹಚ್ಚಿದರೆ ನೆಟ್‌ವರ್ಕ್ ಇಲ್ಲ. ಸಂಸ್ಥೆಯ ಜೀಪು ಅಂಗಳದಲ್ಲಿತ್ತು. ಡ್ರೈವರ್ ದಾವಲ್‌ಸಾಬ್ ಚಹಾದ ಲೋಟ ಹಿಡಿದಿದ್ದ. ಅದನ್ನು ಕೆಳಗಿಡಿಸಿ ಹೊರಟೆ.

ದುಮ್ಮವಾಡದ ಕೇಂದ್ರದಲ್ಲಿ ರೇಣುಕಾ ಒಬ್ಬಳೇ ಇದ್ದಳು. ಅಚ್ಚುಕಟ್ಟಿನ ಹೆಂಗಸು. ಅವಳ ಕೇಂದ್ರದಲ್ಲಿ ಹತ್ತಿಯ ಡಬ್ಬಿ ಕೂಡ ಗೆರೆ ಎಳೆದಂತೆ ನಿಂತಿರುತ್ತಿತ್ತು. ಕಂಪ್ಯೂಟರಿನ ಹಣೆಗೆ ಖಂಡೇ ಪೂಜೆಯ ವಿಭೂತಿ, ಕುಂಕುಮ ಇನ್ನೂ ಇತ್ತು. ಚೆಂಡು ಹೂವಿನ ಮಾಲೆ ಒಣಗಿ ಮಾನಿಟರಿನ ಮೇಲೆಯೇ ತೂಗುತ್ತಿತ್ತು. ಮಹಾನವಮಿಯಲ್ಲಿ ನಮ್ಮ ಕಡೆ ಕುಡಗೋಲು, ಟ್ರ್ಯಾಕ್ಟರ್, ಹೊಲಿಗೆ ಯಂತ್ರ ಎಲ್ಲವನ್ನೂ ತೊಳೆದು ಪೂಜಿಸುತ್ತಾರೆ. ಅನ್ನ ಕೊಡುವ ವಸ್ತುವಿನ ಮೇಲೆ ಆ ದಿನ ಒಂದು ಚೂರು ಧೂಳು ಇರಬಾರದು.

ಮೇಲ್ ತೆರೆಸಿದೆ. ಇನ್‌ಬಾಕ್ಸ್ ಖಾಲಿ, ಸಾರಿಸಿದ ಅಂಗಳದ ಹಾಗೆ. ಜಂಕ್ ತೆರೆದೆ. ಮೇಲುಗಡೆಯೇ ಹಿರೇಮಠರ ಎರಡು ಮೇಲ್‌ಗಳಿದ್ದವು: ‘ತುರ್ತು, ಸುಧಾ ಅವರ ಹೆಣ್ಣು ಮಗುವನ್ನು ಕೂಡಲೇ ಕರೆತರುವುದು.’ ಎರಡನ್ನೂ ಯಾರೂ ತೆರೆದಿರಲಿಲ್ಲ. ಕೆಳಗೆ ಹೋಗುತ್ತಾ ಹೋದೆ. ನವಮಿಯ ಹಿಂದಿನ ವರದಿಗಳು, ಬೇಸಿಗೆಯ ವರದಿಗಳು, ಹಿಂದಿನ ವರ್ಷದವು, ಎಲ್ಲವೂ ಅಲ್ಲೇ ಇದ್ದವು. ಅವನ್ನೆಲ್ಲ ಇವಳು ಹಿಂದೆ ಇನ್‌ಬಾಕ್ಸಿನಲ್ಲೇ ಓದಿ ಪ್ರಿಂಟ್ ತೆಗೆದಿದ್ದಳು. ಓದಿ ಮುಗಿದ ಹಳೆಯ ಮೇಲನ್ನು ಫಿಲ್ಟರ್ ತಾನಾಗಿ ಎತ್ತಿ ಜಂಕಿಗೆ ಹಾಕುವುದಿಲ್ಲ. ಅದನ್ನು ಮನುಷ್ಯರೇ ಹಾಕಬೇಕು.

“ಇವನ್ನ ಇಲ್ಲಿಗೆ ಯಾರು ಹಾಕಿದ್ರು?” ಎಂದೆ.

“ನಾನ ರೀ” ಎಂದಳು ರೇಣುಕಾ, ಹೆಮ್ಮೆಯಿಂದಲೇ. “ಖಂಡೇ ಪೂಜಿಗೆ ಮಶೀನ್ ಸ್ವಚ್ಛ ಮಾಡಬೇಕಲ್ರಿ. ಹೊರಗ ಅಷ್ಟ ಒರಸಿ, ಒಳಗ ಹಳೇದೆಲ್ಲಾ ಹಂಗ ಬಿಟ್ರ ಅದೆಂಥಾ ಪೂಜಿ? ಡಿಲೀಟ್ ಮಾಡಬ್ಯಾಡ್ರಿ ಅಂತ ಡಾಕ್ಟರ್ ಹೇಳ್ಯಾರ. ಅದಕ್ಕ ಎಲ್ಲಾ ಆರಿಸಿ, ಬಾಜೂಕಿನ ಡಬ್ಬಿಗೆ ಸರಿಸಿದೆ. ಅಲ್ಲಿ ಇದ್ರ ಇರತಾವು, ಕಣ್ಣಿಗೆ ಕಾಣೂದಿಲ್ಲ. ನಮ್ಮ ನರ್ಸ್ ಗ್ರೂಪಿನ್ಯಾಗ ಎಲ್ಲಾರಿಗೂ ಹೇಳಿಕೊಟ್ಟೇನ್ರಿ, ಎಲ್ಲಾರೂ ಹಂಗ ಮಾಡ್ಯಾರ.”

ನನಗೆ ಅಲ್ಲಿಯೇ ಎಲ್ಲ ಅರ್ಥವಾಯಿತು. ಒಂದು ಮೇಲನ್ನು ನೀವು ಕೈಯಾರೆ ಜಂಕಿಗೆ ಸರಿಸಿದರೆ, ಇದು ಕಸ ಎಂದು ಮೇಲ್ ಕಂಪನಿಗೆ ದೂರು ಕೊಟ್ಟಂತೆ. ಒಬ್ಬರು ಕೊಟ್ಟರೆ ಫಿಲ್ಟರ್ ಅಷ್ಟಾಗಿ ಕಿವಿಗೆ ಹಾಕಿಕೊಳ್ಳುವುದಿಲ್ಲ. ಆದರೆ ನಮ್ಮ ಲ್ಯಾಬಿನ ಮೇಲ್ ಪಡೆಯುತ್ತಿದ್ದವರೇ ಅಷ್ಟು ಜನ, ಅಷ್ಟೂ ಜನ ಒಂದೇ ಹಬ್ಬದ ದಿನ, ವರ್ಷಗಟ್ಟಲೆಯ ಮೇಲ್‌ಗಳ ಮೇಲೆ ದೂರು ಕೊಟ್ಟಿದ್ದರು. ಎಸ್‌ಪಿಎಫ್, ಡಿಕೆಐಎಂ ಹೇಳುವುದು ಈ ಮೇಲ್ ನಿಜವಾಗಿ ಲ್ಯಾಬಿನಿಂದ ಬಂದಿದೆ ಎಂದಷ್ಟೇ. ಬಂದದ್ದು ಬೇಕೋ ಬೇಡವೋ ಎಂದು ಹೇಳಬೇಕಾದವರು ಪಡೆಯುವವರು, ಅವರು ಒಕ್ಕೊರಲಿನಿಂದ ಬೇಡ ಎಂದಿದ್ದರು. ಫಿಲ್ಟರ್ ಅವರ ಮಾತು ಕೇಳಿತ್ತು.

ಬೈಯಲು ಬಾಯಿ ತೆರೆದೆ. ಅಷ್ಟರಲ್ಲಿ ರೇಣುಕಾ ಪರದೆಯ ಮೇಲಿನ ಎರಡು ಮೇಲ್‌ಗಳನ್ನು ಓದಿ ಮುಗಿಸಿದ್ದಳು.

“ಸುಧಾನ ಕೂಸು! ಹಿಮ್ಮಡಕ್ಕ ಸೂಜಿ ಚುಚ್ಚಿದಾಕಿ ನಾನ ರೀ ಬಾಯಾರ. ಅವತ್ತೂ ಅದು ಜೋರಾಗಿ ಅಳಲಿಲ್ಲ. ಫೋನ್ ಇಲ್ಲ, ಮೇಲ್ ಇಲ್ಲ, ಅಂದಮ್ಯಾಲೆ ಎಲ್ಲಾ ಚೊಲೋ ಐತಿ ಅಂತ ತಿಳ್ಕೊಂಡಿದ್ದೆ.”

ಬೈಗುಳ ಬಾಯಲ್ಲೇ ಉಳಿಯಿತು. “ನಡಿ” ಎಂದೆ.

ಸುಧಾ ಚೊಚ್ಚಲ ಬಾಣಂತಿ, ತವರಿಗೆ ಬಂದಿದ್ದಳು. ಮನೆ ಕೇಂದ್ರದಿಂದ ದೂರವಿರಲಿಲ್ಲ. ಅವಳ ತಾಯಿ ಗಂಗವ್ವ ನಮ್ಮನ್ನು ನೋಡಿ, ಕೂಸು ನೋಡಲು ಬಂದಿದ್ದಾರೆಂದು ಸಂತೋಷಪಟ್ಟು ಚಾಪೆ ಹಾಸಿದಳು. ಒಳಗೆ ಬಣ್ಣದ ತೊಟ್ಟಿಲಲ್ಲಿ ಮಗು ಮಲಗಿತ್ತು. ತೊಟ್ಟಿಲ ಹಗ್ಗ ಹೊಚ್ಚ ಹೊಸದು.

“ದೇವರಂಥಾ ಕೂಸು ರೀ ಬಾಯಾರ” ಎಂದಳು ಗಂಗವ್ವ. “ಅಳೂದಿಲ್ಲ, ರಂಪ ಮಾಡೂದಿಲ್ಲ. ತೂಗೂದ ಬ್ಯಾಡ. ಹಾಲಿಗೆ ಸೈತ ನಾವ ಎಬ್ಬಿಸಬೇಕು. ಮನ್ಯಾಗ ಕೂಸು ಐತೋ ಇಲ್ಲೋ ಅಂತ ಓಣಿ ಮಂದಿ ಕೇಳ್ತಾರ.”

ನಾನು ಡಾಕ್ಟರಲ್ಲ. ಆದರೆ ಲ್ಯಾಬಿನ ಸೂಚನೆಗಳನ್ನು ಪ್ರಿಂಟ್ ಮಾಡಿ ಹಂಚುವಾಗ ಓದಿದ್ದೆ. ಹೊಗಳಿದ ಒಂದೊಂದು ಗುಣವೂ ಆ ಕಾಯಿಲೆಯ ಲಕ್ಷಣವಾಗಿತ್ತು. ರೇಣುಕಾ ಬಾಗಿ ಮಗುವಿನ ಕಣ್ಣರೆಪ್ಪೆ ಎತ್ತಿ ನೋಡಿದಳು. ಕಾಮಾಲೆಯ ಹಳದಿ ಇನ್ನೂ ಇಳಿದಿರಲಿಲ್ಲ. ಅವಳು ಏನೋ ಹೇಳಲು ಹೋಗಿ ಅಳತೊಡಗಿದಳು. ಹೇಳುವ ಕೆಲಸ ನನ್ನ ಪಾಲಿಗೆ ಬಂತು. ರಕ್ತದ ಪರೀಕ್ಷೆಯಲ್ಲಿ ದೋಷ ಕಂಡಿದೆ, ಔಷಧವಿದೆ, ಈಗಲೇ ಹುಬ್ಬಳ್ಳಿಗೆ ಹೋಗಬೇಕು ಎಂದೆ.

ಗಂಗವ್ವನ ಮುಖ ಗಟ್ಟಿಯಾಯಿತು. “ನಾಳೆ ಅಮಾಸಿ ಐತ್ರಿ. ಹಸೀ ಬಾಣಂತಿ, ಹಸುಗೂಸು. ಈ ಹೊತ್ತಿನ್ಯಾಗ ಹೊಸ್ತಿಲಾ ದಾಟಸೂದಿಲ್ಲ. ಹಬ್ಬ ಮುಗೀಲಿ, ನಾನ ಕರ್ಕೊಂಡು ಬರತೇನಿ. ಚೊಲೋ ಇದ್ದ ಕೂಸಿಗೆ ಏನ್ ಅವಸರ?”

ಮೂರು ವಾರ ಕಳೆದಿದೆ ಎಂದು ನಾನು ಹೇಗೆ ಹೇಳಲಿ? ಯಾಕೆ ಕಳೆಯಿತು ಎಂದು ಆಕೆ ಕೇಳಿದರೆ ಏನು ಹೇಳಲಿ? ಅಷ್ಟರಲ್ಲಿ ಬಾಗಿಲ ಮರೆಯಲ್ಲಿ ನಿಂತಿದ್ದ ಸುಧಾ ಮುಂದೆ ಬಂದಳು.

“ಅವ್ವಾ, ಹಾಲು ಕಟ್ಟಿ ನನ್ನ ಎದಿ ಕಲ್ಲಾಗೇತಿ. ಕೂಸು ಕುಡೀಲಿಕ್ಕೆ ಒಲ್ಲದು. ನೀ ಸುಮ್ಮನ ಐತಿ ಅಂತಿ, ನನಗ ಅದು ಸುಮ್ಮನ ಇರೂದಕ್ಕ ಅಂಜಿಕಿ ಬಂದೈತಿ. ನಾ ಹೋಗತೇನಿ.”

ಗಂಗವ್ವ ಮಗಳನ್ನು ನೋಡಿದಳು. ಒಳಗೆ ಹೋಗಿ ಉಣ್ಣೆಯ ಕುಲಾವಿ ತಂದು ಮಗುವಿಗೆ ತೊಡಿಸಿ, ತಲೆಬದಿಗೆ ಬೇವಿನ ಎಲೆಯಿಟ್ಟು ತಾನೂ ಜೀಪು ಹತ್ತಿದಳು. ದಾರಿಯುದ್ದಕ್ಕೂ ಮಗು ಒಮ್ಮೆಯೂ ಎಚ್ಚರಗೊಳ್ಳಲಿಲ್ಲ.

ಹುಬ್ಬಳ್ಳಿಯಲ್ಲಿ ಹಿರೇಮಠರು ಬಾಗಿಲಲ್ಲೇ ಕಾಯುತ್ತಿದ್ದರು. ಖಚಿತಪಡಿಸಿಕೊಳ್ಳಲು ಮತ್ತೊಮ್ಮೆ ರಕ್ತ ತೆಗೆದು, ಫಲಿತಾಂಶಕ್ಕೆ ಕಾಯದೆ ಮಕ್ಕಳ ಡಾಕ್ಟರು ಮೊದಲ ಗುಳಿಗೆ ಪುಡಿ ಮಾಡಿ, ತಾಯಿಯ ಹಾಲಿನಲ್ಲಿ ಕಲಸಿ ಚಮಚದಲ್ಲಿ ಕುಡಿಸಿದರು. ಆಮೇಲೆ ನನ್ನನ್ನು ಬದಿಗೆ ಕರೆದು, “ಬಂದೀರಿ, ಚೊಲೋ ಆತು. ಇನ್ನೂ ಮೊದಲ ಬಂದಿದ್ದರ...” ಎಂದು ನಿಲ್ಲಿಸಿದರು. ಆ ಅರ್ಧ ವಾಕ್ಯ ನನ್ನ ಜೊತೆಯೇ ಕಲಘಟಗಿಗೆ ಬಂತು.

ಹಬ್ಬ ಮುಗಿದ ಮೇಲೆ ಸಂಸ್ಥೆಯ ಆಡಳಿತದವರು ಸಭೆ ಕರೆದರು. ರೇಣುಕಾಳನ್ನು ತೆಗೆದುಹಾಕಬೇಕು ಎಂಬ ಮಾತು ಬಂತು. ಯಾರಾದರೂ ಒಬ್ಬರ ತಲೆ ಉರುಳಿದರೆ ಉಳಿದವರ ಕುತ್ತಿಗೆಗೆ ಆರಾಮ, ಎಲ್ಲ ಕಚೇರಿಗಳೂ ಹಾಗೆಯೇ. ನನಗೆ ತಡೆಯಲಾಗಲಿಲ್ಲ. “ಡಿಲೀಟ್ ಮಾಡಬ್ಯಾಡ್ರಿ ಅಂದ್ರಿ, ಆಕಿ ಮಾಡಿಲ್ಲ. ಯಾವ ನಿಯಮ ಮುರದಾಳ ಅಂತ ತೆಗೀತೀರಿ? ಜಂಕ್ ಅಂದ್ರೇನು ಅಂತ ಯಾರು ಹೇಳಿಕೊಟ್ಟಿದ್ರು?” ಎಂದೆ. ಕೊನೆಗೆ ಹಿರೇಮಠರು ಕನ್ನಡಕ ತೆಗೆದು ಒರೆಸುತ್ತ, “ಎರಡನೇ ಮೇಲ್ ಬರಿಯೂ ಬದ್ಲಿ ನಾನೂ ಒಂದು ಫೋನ್ ಮಾಡಬಹುದಿತ್ತು” ಎಂದರು. ರೇಣುಕಾ ಉಳಿದಳು.

ಕೆಟ್ಟ ಹೆಸರನ್ನು ತೊಳೆಯುವುದು ಗಳಿಸಿದಷ್ಟು ಸುಲಭವಲ್ಲ, ಮನುಷ್ಯರಿಗೂ ಸರಿ, ಮೇಲ್ ವಿಳಾಸಕ್ಕೂ ಸರಿ. ನಾನು ಪ್ರತಿ ಕೇಂದ್ರಕ್ಕೂ ಹೋಗಿ ಕೂತೆ. ಜಂಕಿನಲ್ಲಿದ್ದ ಒಂದೊಂದು ವರದಿಯನ್ನೂ ‘ಇದು ಜಂಕ್ ಅಲ್ಲ’ ಎಂದು ನರ್ಸುಗಳ ಕೈಯಿಂದಲೇ ಒತ್ತಿಸಿ ಇನ್‌ಬಾಕ್ಸಿಗೆ ತಂದೆವು. ಲ್ಯಾಬಿನ ವಿಳಾಸವನ್ನು ಎಲ್ಲರ ಸಂಪರ್ಕ ಪಟ್ಟಿಗೆ ಸೇರಿಸಿ, ಆ ವಿಳಾಸದಿಂದ ಬಂದದ್ದನ್ನು ಎಂದಿಗೂ ಜಂಕಿಗೆ ಕಳಿಸಬೇಡ ಎಂಬ ಸೂಚನೆ ಹಾಕಿದೆವು. ವರದಿಗೆ ಒಂದು ವಿಳಾಸ, ಸಂಸ್ಥೆಯ ಸುತ್ತೋಲೆ ಮತ್ತು ಶುಭಾಶಯಗಳಿಗೆ ಇನ್ನೊಂದು ವಿಳಾಸ ಮಾಡಿದೆ. ಶುಭಾಶಯವನ್ನು ಯಾರಾದರೂ ಕಸಕ್ಕೆ ಹಾಕಿದರೂ ವರದಿಯ ಹೆಸರು ಕೆಡಬಾರದಲ್ಲ! ಹಳೆಯ ಮೇಲ್‌ಗಳಿಗೆ ‘ಹಳೇ ವರದಿ’ ಎಂಬ ಬೇರೆಯೇ ಫೋಲ್ಡರ್ ಮಾಡಿಕೊಟ್ಟೆ. ಹಬ್ಬಕ್ಕೆ ಸ್ವಚ್ಛ ಮಾಡುವ ಆಸೆಯನ್ನು ನಾನೇಕೆ ತಡೆಯಲಿ? ಎಲ್ಲಕ್ಕಿಂತ ಮುಖ್ಯವಾಗಿ, ಪ್ರತಿ ವರದಿಗೂ ನರ್ಸ್ ‘ಮುಟ್ಟಿತು’ ಎಂದು ಉತ್ತರ ಬರೆಯಬೇಕು, ಅದೇ ದಿನ ಉತ್ತರ ಬಾರದಿದ್ದರೆ ಲ್ಯಾಬಿನವರು ಫೋನ್ ಮಾಡಬೇಕು ಎಂದು ಗೊತ್ತುಮಾಡಿದೆವು. ಉತ್ತರ ಹೋಗುತ್ತ ಬರುತ್ತ ಇರುವ ವಿಳಾಸವನ್ನು ಫಿಲ್ಟರ್ ಕೂಡ ನಂಬತೊಡಗುತ್ತದೆ. ಕೆಲವು ವಾರಗಳಲ್ಲಿ ಮೇಲ್‌ಗಳು ಇನ್‌ಬಾಕ್ಸಿಗೆ ಬರತೊಡಗಿದವು.

ಅದೇ ಚಳಿಗಾಲದ ಒಂದು ಮಧ್ಯಾಹ್ನ ಗಂಗವ್ವನ ಫೋನ್ ಬಂತು. ದನಿಯಲ್ಲಿ ಜಗಳವಿತ್ತು.

“ಬಾಯಾರ, ನಿಮ್ಮ ಗುಳಿಗಿ ಡೋಸ್ ಹೆಚ್ಚಾಗೇತೇನ್ರಿ? ದೇವರಂಥಾ ಕೂಸು ಇತ್ತು. ಈಗ ಹಗಲೆಲ್ಲಾ ಒದರತೈತಿ. ತೊಟ್ಟಲಾ ತೂಗಿ ತೂಗಿ ನನ್ನ ರಟ್ಟಿ ಬಿದ್ದು ಹೋಗ್ಯಾವು. ಕೇಳ್ರಿ ಇಲ್ಲೆ!”

ಆಕೆ ಫೋನನ್ನು ತೊಟ್ಟಿಲ ಹತ್ತಿರ ಹಿಡಿದಳು. ಮಗು ಗಂಟಲು ಹರಿಯುವಂತೆ ಅಳುತ್ತಿತ್ತು. ನಾನು ಕಚೇರಿಯ ಬಾಗಿಲು ಮುಂದೆ ಮಾಡಿಕೊಂಡು ಕೂತು ಆ ಅಳುವನ್ನು ಕೇಳಿದೆ. ನನ್ನ ವೃತ್ತಿಜೀವನದಲ್ಲಿ ಅಷ್ಟು ಸಮಾಧಾನ ಕೊಟ್ಟ ಸದ್ದು ಬೇರೆ ಇಲ್ಲ.

ಕಥೆ ಅಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಕಳೆದ ವರ್ಷ ನಾನು ನಿವೃತ್ತಳಾದೆ. ಆ ಹುಡುಗಿಗೆ ಈಗ ಒಂದೂವರೆ ವರ್ಷ ದಾಟಿದೆ. ಕೂರುವುದು ತಡವಾಯಿತು, ನಡೆಯುವುದು ತಡವಾಯಿತು. ಅದು ಆ ವಾರಗಳಿಂದಲೋ ಅಥವಾ ಕೆಲವು ಮಕ್ಕಳು ಹಾಗೆಯೇ ನಿಧಾನವೋ ಎಂದು ಮಕ್ಕಳ ಡಾಕ್ಟರನ್ನು ಕೇಳಿದೆ. ಕಾದು ನೋಡಬೇಕು ಎಂದರು. ಕಾಯುವುದು ನನಗೆ ಒಗ್ಗುವ ಕೆಲಸವಲ್ಲ.

ಇಷ್ಟು ವರ್ಷ ತಂತಿ, ಸರ್ವರ್, ಪಾಸ್‌ವರ್ಡುಗಳ ನಡುವೆ ದುಡಿದು ನಾನು ಕಲಿತದ್ದನ್ನು ಒಂದೇ ಮಾತಿನಲ್ಲಿ ಹೇಳು ಎಂದರೆ ಇಷ್ಟು ಹೇಳುತ್ತೇನೆ: ಏನೂ ಕೇಳಿಬರುತ್ತಿಲ್ಲ ಎಂದರೆ ಎಲ್ಲ ಕ್ಷೇಮ ಎಂದು ತಿಳಿಯಬೇಡಿ. ಹಿರೇಮಠರು ಹಾಗೆ ತಿಳಿದರು, ರೇಣುಕಾ ತಿಳಿದಳು, ಮೊಮ್ಮಗಳು ಅಳುವುದಿಲ್ಲವೆಂದು ಗಂಗವ್ವ ಓಣಿಗೆಲ್ಲ ಹೇಳಿಕೊಂಡು ಬಂದಳು. ಸುಮ್ಮನಿರುವುದಕ್ಕೆ ಅಂಜಿದವಳು ಆ ಹೆತ್ತ ತಾಯಿ ಒಬ್ಬಳೇ.

ಹೋದ ವಾರ ಗಂಗವ್ವನಿಗೆ ಒಂದು ವಾಯ್ಸ್ ಮೆಸೇಜ್ ಕಳಿಸಿದೆ, ಹುಡುಗಿ ಮಾತಾಡುತ್ತಾಳೇನು ಎಂದು. ಆಕೆ ಅದನ್ನು ಕೇಳಿದ್ದಾಳೆ ಎಂಬ ಗುರುತು ಫೋನಿನಲ್ಲಿ ಬಿತ್ತು. ಉತ್ತರ ಬರಲಿಲ್ಲ. ಒಂದು ತಾಸು ಕಾದೆ, ತಡೆಯಲಾಗದೆ ಫೋನನ್ನೇ ಮಾಡಿದೆ.

“ಇಲ್ಲೇ ಅದಾಳ್ರಿ” ಎಂದಳು ಗಂಗವ್ವ. “ಅವ್ವ ಅಂತಾಳ್ರಿ. ಬ್ಯಾರೆ ಏನೂ ಇನ್ನಾ ಅನ್ನೂದಿಲ್ಲ. ನೀವು ದಿನಾ ಹಿಂಗ ಫೋನ್ ಮಾಡ್ರಿ ಬಾಯಾರ. ಕೇಳವ್ರು ಇದ್ರ ನಮಗೂ ಧೈರ್ಯ.”

ದಿನವೂ ಮಾಡುತ್ತಿದ್ದೇನೆ.